ಯಾವ ಪ್ರಶ್ನೆಯನ್ನು ಕೇಳಬಾರದು?

ನಾಡಕಚೇರಿಯ ಒಂದು ಮೇಜಿನಿಂದ ಶುರುಮಾಡುತ್ತೇನೆ. ಮೇಜಿನ ಒಳಬದಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗ. ಹೊರಬದಿಯಲ್ಲಿ ಐವತ್ತು ದಾಟಿದ ಹೆಂಗಸು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಹಳೆಯ ಪಹಣಿ. ಆಕೆಯ ಅಪ್ಪ ತೀರಿಕೊಂಡದ್ದು 1998ರಲ್ಲಿ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಾರೆ. ಜಮೀನು ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಅಣ್ಣ ಊರಿನಲ್ಲಿದ್ದಾನೆ. ತಮ್ಮ ಈಗಿಲ್ಲ, ಅವನ ಹೆಂಡತಿ ಇದ್ದಾಳೆ. ಈಕೆಯ ಮದುವೆ ಆದದ್ದು 1991ರಲ್ಲಿ. ಅಪ್ಪನ ಮರಣವನ್ನು ಯಾರೂ ನೋಂದಾಯಿಸಿಲ್ಲ. ಪೌತಿ ಖಾತೆ ಆಗಬೇಕು, ಅಂದರೆ ಸತ್ತವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಬರಬೇಕು.

ಇದು ನಾನು ಉದಾಹರಣೆಗೆಂದು ಕಟ್ಟಿಕೊಂಡ ಪ್ರಕರಣ. ಆದರೂ ಕಂದಾಯ ಇಲಾಖೆಯಿಂದ ಬಂದವರು ಆಗಲೇ ತಲೆಯಾಡಿಸುತ್ತಿದ್ದೀರಿ. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ನೀವು ದಿನವೂ ನೋಡುತ್ತೀರಿ.

ಆ ಹುಡುಗನಿಗೆ ತರಬೇತಿ ಆಗಿದೆ. ಯಾವ ಗುಂಡಿ ಒತ್ತಿದರೆ ಯಾವ ಪರದೆ ಬರುತ್ತದೆ ಅಂತ ಗೊತ್ತು. ಆದರೆ ಈ ಹೆಂಗಸಿಗೆ ಮೊದಲು ಏನು ಕೇಳಬೇಕು, ಏನು ಕೇಳುವುದೇ ಬೇಡ, ಯಾವ ಕಾಗದ ಇಲ್ಲದಿದ್ದರೆ ಎಲ್ಲಿಗೆ ಕಳಿಸಬೇಕು, ಇದು ಗೊತ್ತಿಲ್ಲ. ಗೊತ್ತಿರುವವರು ಪಕ್ಕದ ಕೋಣೆಯ ಶಿರಸ್ತೇದಾರರು. ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರ ತಲೆಯಲ್ಲಿರುವುದನ್ನು ಹುಡುಗನ ಮೇಜಿನ ಮೇಲೆ ಹೇಗೆ ತರುವುದು? ಜ್ಞಾನಾಧಾರಿತ ವ್ಯವಸ್ಥೆ ಅಂತ ನಾವು ಕರೆಯುವುದು ಈ ಪ್ರಶ್ನೆಗೆ ಸಿಕ್ಕ ಒಂದು ಉತ್ತರವನ್ನು: ಬಲ್ಲವರ ತಿಳಿವಳಿಕೆಯನ್ನು ನಿಯಮಗಳಾಗಿ ಬರೆದಿಟ್ಟುಕೊಂಡು ಸಲಹೆ ಕೊಡುವ ತಂತ್ರಾಂಶ.

ನಮ್ಮ ಕಚೇರಿಗಳಲ್ಲಿ ಕಂಪ್ಯೂಟರ್ ಏನೇನು ಮಾಡಿದೆ ಅನ್ನುವುದನ್ನು ಮೊದಲು ಒಪ್ಪಿಕೊಳ್ಳೋಣ. ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪಹಣಿ ಕೈಗೆ ಸಿಗುವಂತಾಯಿತು. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಸರತಿ. ಮೊದಲು ಬಂದ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆಯ) ಅರ್ಜಿಯನ್ನು ಹಿಂದೆ ತಳ್ಳಿ ಬೇಕಾದವರದ್ದನ್ನು ಮುಂದೆ ತೆಗೆದುಕೊಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ. ಸಣ್ಣ ರೈತನ ಪಾಲಿಗೆ ಅದು ದೊಡ್ಡ ವಿಷಯ. ಆಮೇಲೆ ಸರ್ಕಾರಿ ಸೇವೆಗಳಿಗೆ ದಿನದ ಗಡುವು ಹಾಕಿದ ಸಕಾಲ ಬಂತು. 2011ರ ಕಾಯ್ದೆ, 2012ರ ಏಪ್ರಿಲ್ 2ರಂದು ಜಾರಿ, ಮೊದಲಿಗೆ 11 ಇಲಾಖೆಗಳ 151 ಸೇವೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅರ್ಜಿ ಕೊಟ್ಟವನ ಕೈಗೆ ಒಂದು ನಂಬರ್ ಬಂತು, ಆ ನಂಬರಿನ ಬಲದ ಮೇಲೆ ಅವನು ಕಚೇರಿಯನ್ನು ಪ್ರಶ್ನಿಸುವಂತಾಯಿತು.

ಭೂಮಿ ಸರತಿ ಕಾಯಿತು, ಸಕಾಲ ದಿನ ಎಣಿಸಿತು. ದಾರಿ ಹೇಳುವುದು ಇವೆರಡರಿಂದಲೂ ಬೇರೆಯಾದ ಕೆಲಸ. ದಾರಿ ಗೊತ್ತಿಲ್ಲದ ಹುಡುಗನಿಗೆ ದಿನ ಮಾತ್ರ ಎಣಿಸಿ ತೋರಿಸಿದರೆ ಅವನು ಏನು ಮಾಡಿಯಾನು? 'ದಾಖಲೆ ಅಪೂರ್ಣ' ಅಂತ ಬರೆದು ಅರ್ಜಿಯನ್ನು ವಾಪಸ್ ಕಳಿಸುವುದೇ ಅವನಿಗೆ ಸುಲಭ. ಗಡಿಯಾರ ನಿಲ್ಲುತ್ತದೆ, ಹೆಂಗಸು ಇನ್ನೊಂದು ಬಸ್ಸು ಹಿಡಿಯುತ್ತಾಳೆ. ಆ ಹುಡುಗ ಕೆಟ್ಟವನಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅವನಿಗೆ ಹೇಳಿಕೊಡುವವರಿಲ್ಲ, ಅಷ್ಟೇ.

ಈಗ ಸ್ವಲ್ಪ ಹಿಂದಕ್ಕೆ, ಸ್ವಲ್ಪ ದೂರಕ್ಕೆ ಹೋಗೋಣ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಸಂಗಡಿಗರು ಮೈಸಿನ್ ಎಂಬ ವ್ಯವಸ್ಥೆ ಕಟ್ಟಿದರು. ರಕ್ತದ ಸೋಂಕು, ಮೆದುಳು ಪೊರೆಯ ಸೋಂಕು, ಇವಕ್ಕೆ ಯಾವ ಔಷಧ ಅಂತ ವೈದ್ಯರಿಗೆ ಸಲಹೆ ಕೊಡುವ ಕಾರ್ಯಕ್ರಮ ಅದು. ಒಳಗಿದ್ದದ್ದು ಸುಮಾರು 500 ನಿಯಮಗಳು, ಎಲ್ಲವೂ 'ಹೀಗಿದ್ದರೆ ಹೀಗೆ' ಎಂಬ ರೂಪದವು. ಅದು ವೈದ್ಯರನ್ನು ಪ್ರಶ್ನೆ ಕೇಳುತ್ತಾ ಹೋಗುತ್ತಿತ್ತು. ಅದರ ಒಂದು ಗುಣ ನಮಗೆ ಇವತ್ತಿಗೂ ಬೇಕು. ಅದು ಪ್ರಶ್ನೆ ಕೇಳಿದಾಗ ವೈದ್ಯರು 'ಏಕೆ?' ಅಂತ ತಿರುಗಿ ಕೇಳಬಹುದಿತ್ತು. ಆಗ ಅದು, ನಾನು ಇಂಥ ನಿಯಮವನ್ನು ಪರೀಕ್ಷಿಸುತ್ತಿದ್ದೇನೆ, ಅದಕ್ಕೆ ಈ ಮಾಹಿತಿ ಬೇಕು ಅಂತ ಆ ನಿಯಮವನ್ನೇ ಮುಂದಿಡುತ್ತಿತ್ತು. ನಿಮ್ಮ ಕಚೇರಿಯ ಯಾವ ತಂತ್ರಾಂಶವಾದರೂ ಇವತ್ತು ಇದನ್ನು ಮಾಡುತ್ತದೆಯೇ? ಕೆಂಪು ನಕ್ಷತ್ರ ಹಾಕಿ 'ಕಡ್ಡಾಯ' ಅನ್ನುತ್ತದೆ. ಯಾರಿಗೆ ಕಡ್ಡಾಯ, ಯಾವ ಕಲಮಿನ ಪ್ರಕಾರ, ಯಾವ ಕಾರಣಕ್ಕೆ ಅಂತ ಹೇಳುವುದಿಲ್ಲ.

ಮೈಸಿನ್ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬರಲಿಲ್ಲ. ಪರೀಕ್ಷೆಯಲ್ಲಿ ಅದರ ಸಲಹೆಗಳು ತಜ್ಞರ ಸಲಹೆಗಳಿಗೆ ಸಮನಾಗಿ ನಿಂತಿದ್ದವು, ಆದರೂ ಬರಲಿಲ್ಲ. ನನಗೆ ಅದಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಆಮೇಲೆ ನಡೆದದ್ದು. ವಿಲಿಯಂ ಕ್ಲಾನ್ಸಿ ಎಂಬ ಸಂಶೋಧಕ ಆ ನಿಯಮಗಳನ್ನು ಇಟ್ಟುಕೊಂಡು ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೊರಟ. ನಿಯಮಗಳೆಲ್ಲ ಇವೆ, ಅದೇ ಪಾಠ ಆಗಬೇಕಲ್ಲವೇ? ಆಗಲಿಲ್ಲ. ಒಂದು ನಿಯಮ ಹೀಗಿತ್ತು: ರೋಗಿಯ ವಯಸ್ಸು 8ಕ್ಕಿಂತ ಕಡಿಮೆ ಇದ್ದರೆ ಟೆಟ್ರಾಸೈಕ್ಲಿನ್ ಕೊಡಬೇಡ. ಏಕೆ ಅಂತ ಕೇಳಿದರೆ ಯಂತ್ರ ಅದೇ ನಿಯಮವನ್ನು ಮತ್ತೆ ಓದುತ್ತಿತ್ತು. ನಿಜವಾದ ಕಾರಣ ಬೇರೆ. ಬೆಳೆಯುವ ಹಲ್ಲು, ಮೂಳೆಗಳಲ್ಲಿ ಆ ಔಷಧ ಸೇರಿಕೊಳ್ಳುತ್ತದೆ, ಮಗುವಿನ ಹಲ್ಲಿಗೆ ಶಾಶ್ವತವಾಗಿ ಬಣ್ಣ ಕೂರುತ್ತದೆ. ಈ ಕಾರಣ ನಿಯಮದಲ್ಲಿ ಎಲ್ಲೂ ಇರಲಿಲ್ಲ, ನಿಯಮ ಬರೆದ ವೈದ್ಯರ ತಲೆಯಲ್ಲೇ ಉಳಿದಿತ್ತು. ಕಾರಣ ಗೊತ್ತಿದ್ದವನು ಪ್ರಾಣಾಪಾಯದ ಹೊತ್ತಿನಲ್ಲಿ, ಹಲ್ಲಿನ ಬಣ್ಣ ಹೋದರೆ ಹೋಗಲಿ, ಜೀವ ಉಳಿಯಲಿ ಅಂತ ತೂಗಿ ನೋಡಬಲ್ಲ. ನಿಯಮ ಮಾತ್ರ ಗೊತ್ತಿದ್ದವನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ.

ಕ್ಲಾನ್ಸಿ ಗಮನಿಸಿದ ಇನ್ನೊಂದು ವಿಷಯ ಇನ್ನೂ ಸೂಕ್ಷ್ಮವಾದದ್ದು. ಮೆದುಳು ಪೊರೆಯ ಸೋಂಕಿನ ಒಂದು ನಿಯಮದಲ್ಲಿ, 'ರೋಗಿ ಮದ್ಯವ್ಯಸನಿಯೇ' ಎಂಬುದಕ್ಕಿಂತ ಮೊದಲು 'ವಯಸ್ಸು 17ಕ್ಕಿಂತ ಹೆಚ್ಚೇ' ಎಂಬ ಷರತ್ತು ಇತ್ತು. ವಯಸ್ಸಿಗೂ ಆ ರೋಗನಿರ್ಣಯಕ್ಕೂ ನೇರ ಸಂಬಂಧವಿಲ್ಲ. ಮಗುವಿನ ವಿಷಯದಲ್ಲಿ 'ಇವನು ಕುಡುಕನೇ' ಅಂತ ಯಂತ್ರ ಕೇಳಬಾರದು ಅಂತ ಯಾರೋ ಅದನ್ನು ಅಲ್ಲಿ ಇಟ್ಟಿದ್ದರು. ಅದು ವೈದ್ಯಶಾಸ್ತ್ರದ ಜ್ಞಾನ ಅಲ್ಲ, ಮನುಷ್ಯರ ಜೊತೆ ಮಾತಾಡುವ ಜ್ಞಾನ. ಅದು ವೈದ್ಯಕೀಯ ಷರತ್ತುಗಳ ನಡುವೆ, ತನ್ನ ಗುರುತು ಹೇಳದೆ ಕೂತಿತ್ತು.

ಈ ಎರಡನೆಯ ವಿಷಯವನ್ನು ಇಟ್ಟುಕೊಂಡು ನಮ್ಮ ಹೆಂಗಸಿನ ಬಳಿಗೆ ವಾಪಸ್ ಬರೋಣ. ಕುಟುಂಬ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುತ್ತದೆ, ಅಪ್ಪ ಉಯಿಲು ಬರೆದಿಲ್ಲ ಅಂತ ಇಟ್ಟುಕೊಳ್ಳೋಣ.

ಹುಡುಗ ಮೊದಲು ಕೇಳುವುದು, 'ನಿಮ್ಮ ಮದುವೆ ಯಾವಾಗ ಆಯ್ತಮ್ಮ?' 1991 ಅಂದ ಕೂಡಲೇ ಅವನಿಗೆ ಅರ್ಧ ನೆನಪು ಬರುತ್ತದೆ. ಕರ್ನಾಟಕದ ತಿದ್ದುಪಡಿ, 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. 'ಹಾಗಾದರೆ ನಿಮ್ಮ ಹೆಸರು ಬರಲ್ಲ, ಅಣ್ಣನ ಹೆಸರಿಗೆ ಮಾಡಿಸಿ.' ಆಕೆ ಎದ್ದು ಹೋಗುತ್ತಾಳೆ.

ಅವನಿಗೆ ಉಳಿದರ್ಧ ಯಾರೂ ಹೇಳಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಷರತ್ತು ಹೋಯಿತು. ಆಮೇಲೆ, ಆ ದಿನ ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಎದ್ದಿತು. ಬೇಕು ಅಂತ 2015ರಲ್ಲಿ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದ ಮನೆಗಳ ವ್ಯಾಜ್ಯಗಳೇ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಿಲ್ಲ ಅಂತ ಇತ್ಯರ್ಥವಾಯಿತು.

ಇಷ್ಟನ್ನೂ ಹುಡುಗನಿಗೆ ಬಾಯಿಪಾಠ ಮಾಡಿಸಬೇಕೇ? ಬೇಡ. ಇಲ್ಲೇ ಶಿರಸ್ತೇದಾರರ ಬುದ್ಧಿ ಬೇಕಾಗುವುದು. ಮೇಜಿನ ಮೇಲಿರುವ ಪ್ರಶ್ನೆ, ಈಕೆಯ ಹೆಸರು ವಾರಸುದಾರರ ಪಟ್ಟಿಯಲ್ಲಿ ಬರಬೇಕೇ ಅನ್ನುವುದು. ಜಮೀನು ಅಪ್ಪನ ಸ್ವಯಾರ್ಜಿತವಾದರೆ ಮಗಳು 1956ರಿಂದಲೇ ಮೊದಲ ದರ್ಜೆಯ ವಾರಸುದಾರಳು, ಮದುವೆಯ ಮಾತೇ ಏಳುವುದಿಲ್ಲ. ಪಿತ್ರಾರ್ಜಿತವಾದರೆ ಹಳೆಯ ನಿಯಮದಲ್ಲೂ ಅಪ್ಪನ ಪಾಲಿನಲ್ಲಿ ಮಗಳಿಗೆ ಭಾಗವಿತ್ತು, ಹೊಸ ನಿಯಮದಲ್ಲಿ ಇನ್ನೂ ಹೆಚ್ಚಾಯಿತು. ಯಾವ ದಾರಿ ಹಿಡಿದರೂ ಹೆಸರು ಬರಲೇಬೇಕು. ಮದುವೆಯ ತಾರೀಕು ಪಾಲಿನ ಅಳತೆಗೆ ಬೇಕಾಗಿದ್ದೀತು, ಅಳತೆಯ ಜಗಳ ಬಂದರೆ ಅದಕ್ಕೆ ಸಿವಿಲ್ ಕೋರ್ಟ್ ಇದೆ. ಹೆಸರು ಸೇರಿಸಲು ಆ ಪ್ರಶ್ನೆಯೇ ಬೇಡ. ಕೇಳಿದ್ದರಿಂದಲೇ ತಪ್ಪಾಯಿತು.

ನಿಯಮಗಳನ್ನು ಸರಿಯಾಗಿ ಬರೆದಿಟ್ಟ ಯಂತ್ರ ಇದನ್ನು ತಾನಾಗಿಯೇ ಕಂಡುಕೊಳ್ಳುತ್ತದೆ. ಅದು ಗುರಿಯಿಂದ ಹಿಂದಕ್ಕೆ ನಡೆಯುತ್ತದೆ. 'ಹೆಸರು ಬರಬೇಕೇ' ಅಂತ ಶುರುಮಾಡಿ, ಅದಕ್ಕೆ ಏನು ಗೊತ್ತಿರಬೇಕು ಅಂತ ಹುಡುಕುತ್ತದೆ. ಎಲ್ಲ ಕವಲೂ ಒಂದೇ ಉತ್ತರಕ್ಕೆ ಸೇರಿದರೆ ಕವಲಿನ ಪ್ರಶ್ನೆಯನ್ನು ಬಿಟ್ಟುಬಿಡುತ್ತದೆ. ಕಾಗದದ ಅರ್ಜಿ ನಮೂನೆಗೆ ಇದು ಸಾಧ್ಯವಿಲ್ಲ. ಅದು ಎಲ್ಲರಿಗೂ ಎಲ್ಲವನ್ನೂ ಕೇಳುತ್ತದೆ. ನಮ್ಮ ಬಹಳಷ್ಟು ತಂತ್ರಾಂಶಗಳು ಆ ಕಾಗದವನ್ನೇ ಪರದೆಯ ಮೇಲೆ ಅಂಟಿಸಿದಂತಿವೆ.

ಇನ್ನು ತಮ್ಮನ ಹೆಂಡತಿ. ಆಕೆಯ ವಿಷಯದಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಗಂಡ ಮಾವನಿಗಿಂತ ಮೊದಲು ತೀರಿಕೊಂಡನೋ, ಆಮೇಲೋ? ಆಮೇಲೆ ಆಗಿದ್ದರೆ ಅಪ್ಪ ತೀರಿಕೊಂಡ ದಿನವೇ ಅವನ ಪಾಲು ಅವನಿಗೆ ಸೇರಿತ್ತು, ಅವನ ನಂತರ ಅದು ಅವನ ಹೆಂಡತಿ ಮಕ್ಕಳಿಗೆ. (ತಾಯಿ ಬದುಕಿದ್ದರೆ ತಾಯಿಗೂ. ಮಗನ ಆಸ್ತಿಯಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು ಅನ್ನುವುದನ್ನು ಎಷ್ಟೋ ವಂಶವೃಕ್ಷಗಳು ಮರೆಯುತ್ತವೆ.) ಮಾವನಿಗಿಂತ ಮೊದಲೇ ತೀರಿಕೊಂಡಿದ್ದರೆ, ಮಾವನ ಮರಣ 2005ರ ಸೆಪ್ಟೆಂಬರ್ 9ಕ್ಕೆ ಹಿಂದಿನದಾದ್ದರಿಂದ, ಆಗಿನ 24ನೆಯ ಕಲಮಿನ ಪ್ರಕಾರ ಇನ್ನೊಂದು ಸಂಗತಿ ತಿಳಿಯಬೇಕು: ಮಾವ ಹೋದ ದಿನಕ್ಕೆ ಆಕೆ ಮರುಮದುವೆ ಆಗಿದ್ದಳೇ? 2005ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಹಾಗಾಗಿ ಗಂಡ ಮೊದಲು, ಮಾವ ನಂತರ, ಅದೂ 2005ಕ್ಕೆ ಹಿಂದೆ ಎಂಬ ಆ ಒಂದೇ ಕವಲಿನಲ್ಲಿ ಆ ಪ್ರಶ್ನೆಗೆ ಜಾಗ ಇದೆ.

ಈಗ ಯೋಚಿಸಿ. ನಾಡಕಚೇರಿಯ ಕಿಟಕಿಯಲ್ಲಿ, ಹಿಂದೆ ಹದಿನೈದು ಜನ ನಿಂತಿರುವಾಗ, ವಿಧವೆಯೊಬ್ಬಳನ್ನು 'ನೀವು ಮತ್ತೆ ಮದುವೆ ಆಗಿದ್ದೀರಾ' ಅಂತ ಕೇಳುವುದು ಸಣ್ಣ ಮಾತಲ್ಲ. ಊರಿನವರ ಕಿವಿ ಅಲ್ಲೇ ಇರುತ್ತದೆ. ನಮೂನೆಯಲ್ಲಿ ಒಂದು ಕಾಲಂ ಇದೆ ಅನ್ನುವ ಕಾರಣಕ್ಕೆ ಎಲ್ಲ ಸೊಸೆಯಂದಿರನ್ನೂ ಕೇಳಬಾರದು. ಮೈಸಿನ್‌ನಲ್ಲಿ ಮಗುವನ್ನು ಕುಡುಕನೇ ಅಂತ ಕೇಳದಂತೆ ಇಟ್ಟ ಆ ಷರತ್ತು ನೆನಪಿದೆಯಲ್ಲ, ಇಲ್ಲಿ ನಮಗೆ ಬೇಕಾದದ್ದು ಅದೇ. ಕ್ಲಾನ್ಸಿಯ ಪಾಠವನ್ನೂ ಸೇರಿಸಬೇಕು: ಈ ಪ್ರಶ್ನೆಯನ್ನು ಏಕೆ ತಡೆದಿಟ್ಟಿದ್ದೇವೆ ಎಂಬ ಕಾರಣವನ್ನು ನಿಯಮದ ಪಕ್ಕದಲ್ಲೇ ಕನ್ನಡದಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಐದು ವರ್ಷದ ನಂತರ ಬಂದ ಪ್ರೋಗ್ರಾಮರ್ ಆ ಷರತ್ತು ವ್ಯರ್ಥ ಅಂತ ಅಳಿಸಿಹಾಕುತ್ತಾನೆ.

ಕಾನೂನನ್ನು ಹೀಗೆ ನಿಯಮಗಳಾಗಿ ಬರೆಯಬಹುದೇ ಅನ್ನುವ ಅನುಮಾನ ನಿಮಗೆ ಬರಬಹುದು. ಬರೆದು ನೋಡಿದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮರೆಕ್ ಸರ್ಗಟ್, ರಾಬರ್ಟ್ ಕೊವಾಲ್ಸ್ಕಿ ಮೊದಲಾದವರು ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯನ್ನು ತರ್ಕದ ನಿಯಮಗಳಾಗಿ ಬರೆದು 1986ರಲ್ಲಿ ಪ್ರಕಟಿಸಿದರು. ಅದರಲ್ಲಿ ನನಗೆ ಮನಸ್ಸು ತಟ್ಟುವುದು ಒಂದು ಸಣ್ಣ ಭಾಗ. ಯಾರೋ ತೊರೆದುಹೋದ ಹಸುಗೂಸೊಂದು ಆ ದೇಶದಲ್ಲಿ ಸಿಕ್ಕರೆ, ಬೇರೆ ರೀತಿ ಅಂತ ತೋರಿಸುವವರೆಗೂ ಅದು ಪೌರನಾಗುವ ಅರ್ಹತೆಯೊಂದಿಗೇ ಹುಟ್ಟಿದೆ ಅಂತ ಭಾವಿಸಬೇಕು. 'ಬೇರೆ ರೀತಿ ಅಂತ ತೋರಿಸುವವರೆಗೂ' ಎಂಬ ಆ ನಾಲ್ಕು ಪದಗಳನ್ನು ಯಂತ್ರಕ್ಕೆ ಹೇಳುವುದು ಕಷ್ಟ. ಅನುಮಾನದ ಲಾಭ ಯಾರಿಗೆ ಕೊಡಬೇಕು ಅನ್ನುವುದನ್ನು ಬರೆದೇ ಹೇಳಬೇಕಾಗುತ್ತದೆ. ನಮ್ಮ ಬಹುಪಾಲು ಪರದೆಗಳಲ್ಲಿ ಮಾಹಿತಿ ಇಲ್ಲ ಅಂದರೆ ಅರ್ಜಿ ಮುಂದೆ ಹೋಗುವುದಿಲ್ಲ, ಅಂದರೆ ಅನುಮಾನದ ಲಾಭ ಯಾವಾಗಲೂ ಕಚೇರಿಗೆ. ಯಾರೂ ಕೂತು ಹಾಗೆ ತೀರ್ಮಾನಿಸಿಲ್ಲ. ತನ್ನಷ್ಟಕ್ಕೆ ಹಾಗಾಗಿಬಿಟ್ಟಿದೆ.

ನಮ್ಮಲ್ಲೂ ಈ ವಿದ್ಯೆ ಹೊಸದಲ್ಲ. 1986ರಲ್ಲೇ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಜ್ಞಾನಾಧಾರಿತ ಗಣಕ ವ್ಯವಸ್ಥೆಗಳ ಕಾರ್ಯಕ್ರಮ ಶುರುಮಾಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದು. ಮದ್ರಾಸಿನ ಐಐಟಿಯಲ್ಲಿ ಏಕಲವ್ಯ ಎಂಬ ವ್ಯವಸ್ಥೆ ಕಟ್ಟಿದರು, ಎಳೆಯ ಮಕ್ಕಳ ಕಾಯಿಲೆಯ ಲಕ್ಷಣ ನೋಡಿ ಏನು ಮಾಡಬೇಕು ಅಂತ ಊರಿನ ಆರೋಗ್ಯ ಕಾರ್ಯಕರ್ತೆಗೆ ನೆರವಾಗಲು. ಅದು ತಜ್ಞ ವೈದ್ಯರ ಜಾಗಕ್ಕೆ ಯಂತ್ರ ತರುವ ಕೆಲಸವಾಗಿರಲಿಲ್ಲ. ತಜ್ಞರು ಸಿಗದ ಕಡೆ, ಕಡಿಮೆ ತರಬೇತಿ ಇರುವವರ ಕೈ ಹಿಡಿಯುವ ಕೆಲಸ. ನಮ್ಮ ನಾಡಕಚೇರಿಯ ಹುಡುಗನಿಗೆ ಬೇಕಾಗಿರುವುದೂ ಅಂಥದ್ದೇ.

ನಿಯಮ ಬದಲಾಗುವುದರ ಬಗ್ಗೆ ಎರಡು ಮಾತು. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪನಿ 1980ರಿಂದ ತನ್ನ ದೊಡ್ಡ ಕಂಪ್ಯೂಟರುಗಳಿಗೆ ಬಿಡಿಭಾಗ ಹೊಂದಿಸಲು ಎಕ್ಸ್‌ಕಾನ್ ಎಂಬ ವ್ಯವಸ್ಥೆ ಬಳಸಿತು. ಏಳೆಂಟು ನೂರು ನಿಯಮಗಳಿಂದ ಶುರುವಾಗಿ ಹತ್ತು ಸಾವಿರ ದಾಟಿತು, ಪ್ರತಿವರ್ಷ ಅದರಲ್ಲಿ ದೊಡ್ಡ ಪಾಲನ್ನು ತಿದ್ದಬೇಕಾಗುತ್ತಿತ್ತು. ನಮ್ಮದೂ ಹಾಗೆಯೇ. ಆ ಹೆಂಗಸಿನ ಅಪ್ಪನ ಮರಣ ನೋಂದಣಿ ಆಗಿಲ್ಲ ಅಂದೆನಲ್ಲ. ಒಂದು ವರ್ಷಕ್ಕಿಂತ ತಡವಾದ ನೋಂದಣಿಗೆ ಮೊದಲು ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ ಮಟ್ಟದಲ್ಲೇ ಆಗುತ್ತದೆ. ಹಳೆಯದು ಗೊತ್ತಿದ್ದವರು ಇವತ್ತಿಗೂ 'ಕೋರ್ಟಿಗೆ ಹೋಗಿ, ವಕೀಲರನ್ನು ಹಿಡಿಯಿರಿ' ಅನ್ನಬಹುದು. ಮ್ಯುಟೇಶನ್ ಆಕ್ಷೇಪಣೆಗೆ 30 ದಿನ ಇದ್ದದ್ದು ಈಚಿನ ವರ್ಷಗಳಲ್ಲಿ ಕಡಿಮೆಯಾಯಿತು. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತಂತೆ ಭಾವಿಸುವ ನಿಯಮ ಹಾಗೇ ಇದೆ, ಆದರೆ 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದು ಕಲಮಿನ ಸಂಖ್ಯೆ ಬದಲಾಯಿತು. ಹಾಗಾಗಿ ನಿಯಮಗಳು ಪ್ರೋಗ್ರಾಮಿನ ಹೊಟ್ಟೆಯೊಳಗೆ ಹೂತಿರಬಾರದು. ಹೊರಗೆ, ಓದಲು ಬರುವ ಹಾಗೆ, ಪ್ರತಿಯೊಂದಕ್ಕೂ 'ಎಂದಿನಿಂದ, ಎಂದಿನವರೆಗೆ' ಅಂತ ತಾರೀಕು ಹಾಕಿ ಇಡಬೇಕು. ಹಳೆಯ ನಿಯಮವನ್ನು ಅಳಿಸುವಂತಿಲ್ಲ, 1998ರ ಮರಣಕ್ಕೆ 1998ರ ಕಾನೂನು ಬೇಕಾಗುತ್ತದೆ.

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: ಈಗ ಏನು ಕೇಳಿದರೂ ಕನ್ನಡದಲ್ಲೇ ಉತ್ತರ ಬರೆಯುವ ಭಾಷಾ ಮಾದರಿಗಳು ಬಂದಿವೆ, ಇಷ್ಟೆಲ್ಲ ನಿಯಮ ಬರೆಯುವ ಕಷ್ಟ ಏಕೆ? ಒಳ್ಳೆಯ ಪ್ರಶ್ನೆ. ಅರ್ಜಿಯಲ್ಲಿ ಬರೆದ ಕತೆಯಿಂದ ಸಂಗತಿಗಳನ್ನು ಹೆಕ್ಕಲು, ಕಲಮಿನ ಭಾಷೆಯನ್ನು ಮನೆಮಾತಿಗೆ ತಿರುಗಿಸಲು ಅವನ್ನು ಖಂಡಿತ ಬಳಸಿ. ಆದರೆ ಆದೇಶದ ಕೆಳಗೆ ರುಜು ಹಾಕುವವರು ಮನುಷ್ಯರು. ನಾಳೆ ಮೇಲ್ಮನವಿಯಲ್ಲಿ ಉಪವಿಭಾಗಾಧಿಕಾರಿ 'ಯಾವ ಆಧಾರದ ಮೇಲೆ ಹೀಗೆ ಮಾಡಿದಿರಿ' ಅಂತ ಕೇಳಿದರೆ, ಟಿಪ್ಪಣಿಯಲ್ಲಿ ನಿಯಮ, ತಾರೀಕು, ಸಂಗತಿ ಮೂರೂ ಇರಬೇಕು. ಚೆಂದದ ವಾಕ್ಯ ಸಾಲದು. ತೀರ್ಮಾನದ ದಾರಿ ಹೆಜ್ಜೆಹೆಜ್ಜೆಯಾಗಿ ಕಾಣಿಸಬೇಕು.

ಕೊನೆಯದಾಗಿ ಜ್ಞಾನ ಹೊರತೆಗೆಯುವ ಕಷ್ಟ. ನಾವು ಮೂವರು ಸೇರಿ ಪ್ರಯೋಗಕ್ಕೆಂದು ಪೌತಿ ಖಾತೆಯ ಒಂದು ಸಣ್ಣ ವ್ಯವಸ್ಥೆ ಕಟ್ಟಲು ಹೊರಟಾಗ, ನಿವೃತ್ತ ಶಿರಸ್ತೇದಾರರೊಬ್ಬರ ಮನೆಗೆ ವಾರಗಟ್ಟಲೆ ಹೋದೆವು. 'ಹೇಗೆ ತೀರ್ಮಾನ ಮಾಡುತ್ತಿದ್ದಿರಿ ಸಾರ್?' ಅಂದರೆ, 'ಅನುಭವ ಕಣಪ್ಪ' ಅನ್ನುತ್ತಿದ್ದರು. ಅದರಿಂದ ಏನೂ ಸಿಗಲಿಲ್ಲ. ಆಮೇಲೆ ಉಪಾಯ ಬದಲಿಸಿದೆವು. ಬೇಕೆಂದೇ ತಪ್ಪು ತುಂಬಿದ ನಕಲಿ ಕಡತಗಳನ್ನು ಮಾಡಿ ಅವರ ಮುಂದಿಟ್ಟೆವು. ಆಗ ಮಾತು ಬಂತು! 'ವಂಶವೃಕ್ಷದಲ್ಲಿ ಹೆಣ್ಣುಮಕ್ಕಳೇ ಇಲ್ಲವಲ್ಲ, ನಾಲ್ಕೂ ಗಂಡು ಅಂದರೆ ನಾನು ನಂಬಲ್ಲ, ಮಹಜರು ಮಾಡಿಸಿ.' 'ಅಕ್ಕ ಬೇಡ ಅಂದಳು ಅಂತ ಬರೆದಿದ್ದೀರಿ. ಬಾಯಲ್ಲಿ ಬೇಡ ಅಂದರೆ ಆಗಲ್ಲ, ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಎಲ್ಲಿ?' ಒಂದೊಂದು ಗೊಣಗಾಟವೂ ನಮಗೆ ಒಂದೊಂದು ನಿಯಮವಾಯಿತು.

ಒಂದು ದಿನ ಅವರನ್ನೇ ಕೇಳಿದೆವು, ಅರ್ಜಿದಾರರು ಬಂದು ಕೂತ ಕೂಡಲೇ ನೀವು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವುದು? ಸರ್ವೆ ನಂಬರು ಇರಬಹುದು, ಮರಣದ ತಾರೀಕು ಇರಬಹುದು ಅಂದುಕೊಂಡಿದ್ದೆವು. ಅವರು, 'ವಾಪಸ್ ಬಸ್ಸು ಎಷ್ಟು ಗಂಟೆಗೆ ಅಂತ ಕೇಳ್ತಿದ್ದೆ' ಅಂದರು. ನಮ್ಮಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದವನು ಅದನ್ನು ಬರೆದುಕೊಂಡ, ಮನೆಗೆ ಬಂದ ಮೇಲೆ ಪಟ್ಟಿಯಿಂದ ತೆಗೆದ. ಯಾವ ನಿಯಮವೂ ಆ ಉತ್ತರವನ್ನು ಬಳಸುವುದಿಲ್ಲ ಅನ್ನುವುದು ಅವನ ಲೆಕ್ಕ. ಮುಂದಿನ ವಾರ ಪರದೆ ನೋಡಿ ಹಿರಿಯರು ಕೇಳಿದರು, 'ಬಸ್ಸು ಎಲ್ಲಿ ಹೋಯ್ತು?' ನಾವು ವಿವರಿಸಿದೆವು. ಅವರು ಅಷ್ಟೇ ತಾಳ್ಮೆಯಿಂದ ನಮಗೆ ವಿವರಿಸಿದರು. ಬಸ್ಸಿಗೆ ಮೂರು ಗಂಟೆ ಇದ್ದರೆ ಮೊದಲಿಂದ ಸಾವಕಾಶವಾಗಿ ಕೆಲಸ ಮಾಡು. ಅರ್ಧ ಗಂಟೆ ಇದ್ದರೆ ಏನನ್ನೂ ನಮೂದು ಮಾಡಬೇಡ, ಮೊದಲು ಯಾವ ಯಾವ ಕಾಗದ ಕಮ್ಮಿ ಇದೆ ಅಂತ ಪೂರ್ತಿ ಪಟ್ಟಿ ಬರೆದು ಕೈಗೆ ಕೊಡು, ಒಂದನ್ನೂ ಬಿಡಬೇಡ, ಆಕೆ ಇನ್ನೊಂದೇ ಸಲ ಬರುವ ಹಾಗಿರಬೇಕು.

ಈಗ ಆ ವ್ಯವಸ್ಥೆಯ ಮೊದಲ ಪರದೆಯಲ್ಲಿ ಇರುವ ಪ್ರಶ್ನೆ ಅದೇ. ಪಕ್ಕದಲ್ಲಿ 'ಏಕೆ?' ಅಂತ ಒಂದು ಗುಂಡಿ ಇದೆ. ಒತ್ತಿದರೆ ಅವರ ಈ ಮಾತು ಬರುತ್ತದೆ.